ಮೊದಲು ಮಗುಚಿ ನೋಡಿ: ಹಳೆಯ ಲಯನೆಲ್ ಗೂಡ್ಸ್ ವ್ಯಾಗನ್‌ಗಳ ಮೊದಲ ತಯಾರಿಕೆಯನ್ನು ಪತ್ತೆ ಹಚ್ಚಿದ ಬಗೆ

ಬಂಗಾರಪೇಟೆಯ ಒಂದು ಮನೆಗೆ ಅಮೆರಿಕದಿಂದ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಲಯನೆಲ್ ಕಂಪನಿಯ ಹದಿನಾಲ್ಕು ಆಟಿಕೆ ಗೂಡ್ಸ್ ವ್ಯಾಗನ್‌ಗಳಿದ್ದವು. ಎಲ್ಲವೂ ಎರಡನೇ ಮಹಾಯುದ್ಧದ ನಂತರದವು, ಓ ಗೇಜಿನವು, ಅಂದರೆ ಎರಡು ಹೊರಹಳಿಗಳ ನಡುವೆ ಒಂದೂಕಾಲು ಇಂಚು ಅಂತರವಿರುವ ಹಳಿಯ ಮೇಲೆ ಓಡುವವು. ಇವುಗಳಲ್ಲಿ ಯಾವುದು ಆ ಮಾದರಿಯ ಮೊದಲ ತಯಾರಿಕೆ, ಯಾವುದು ಎರಡು ಮೂರು ವರ್ಷ ಕಳೆದ ಮೇಲಿನದು, ಯಾವುದಕ್ಕೆ ಯಾರೋ ನಡುವೆ ಕೈ ಹಾಕಿದ್ದಾರೆ ಎಂದು ಬೇರ್ಪಡಿಸಲು ನಾವು ಮೂವರು ಎರಡು ಭಾನುವಾರ ಕೂತೆವು. ಆಗ ಮಾಡಿದ್ದನ್ನೇ ಕ್ರಮವಾಗಿ ಇಲ್ಲಿ ಬರೆದಿದ್ದೇವೆ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕಂಪನಿ ಇದು. ಯುದ್ಧದ ಕಾರಣಕ್ಕೆ 1942ರಲ್ಲಿ ಆಟಿಕೆ ರೈಲಿನ ತಯಾರಿಕೆ ನಿಂತಿತು. 1945ರ ಕ್ರಿಸ್‌ಮಸ್ ಹೊತ್ತಿಗೆ ಮತ್ತೆ ಮಾರುಕಟ್ಟೆಗೆ ಬಂದದ್ದು ಒಂದೇ ಒಂದು ಸೆಟ್. ಅದರಲ್ಲಿದ್ದ ಗೂಡ್ಸ್ ಡಬ್ಬಿಗಳು 2452 ಗೊಂಡೋಲ (ಛಾವಣಿಯಿಲ್ಲದ ತೆರೆದ ಡಬ್ಬಿ), 2458 ಬಾಕ್ಸ್‌ಕಾರ್ (ಪೂರ್ತಿ ಮುಚ್ಚಿದ ಡಬ್ಬಿ), 2555 ಟ್ಯಾಂಕರ್ ಮತ್ತು 2457 ಗಾರ್ಡ್ ಡಬ್ಬಿ. ಅವಸರದಲ್ಲಿ ತಯಾರಾದ ಈ ಸೆಟ್‌ನಲ್ಲಿ ಕೆಲವೇ ತಿಂಗಳು ಬಳಕೆಯಲ್ಲಿದ್ದು ಮರೆಯಾದ ಭಾಗಗಳಿವೆ. ಮೊದಲ ತಯಾರಿಕೆಯನ್ನು ಹುಡುಕುವವರಿಗೆ ಈ ಭಾಗಗಳೇ ಆಧಾರ.

ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅಥವಾ ಚಿನಿವಾರರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ ಒಂದು. ವರ್ನಿಯರ್ ಕ್ಯಾಲಿಪರ್ ಒಂದು. ಸಣ್ಣ ಎಲ್‌ಇಡಿ ಟಾರ್ಚ್. ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಇಟ್ಟುಕೊಳ್ಳುವ ಯುವಿ ಟಾರ್ಚ್. ಮಲ್ಟಿಮೀಟರ್, ಮೆತ್ತನೆಯ ಕುಂಚ, ಒಣ ಹತ್ತಿಬಟ್ಟೆ. ಮೇಜಿನ ಮೇಲೆ ನಾಲ್ಕು ಮಡಿಕೆ ಮಾಡಿದ ಟರ್ಕಿ ಟವೆಲ್ ಹಾಸಬೇಕು, ಇಲ್ಲದಿದ್ದರೆ ವ್ಯಾಗನ್ ಮಗುಚಿದಾಗ ಛಾವಣಿಯ ಮೇಲಿನ ಸಣ್ಣ ಭಾಗಗಳು ಮುರಿಯುತ್ತವೆ. ಕೋಲಾರದ ಕಡೆಯ ಒಣ ಹವೆಯಲ್ಲಿ ತುಕ್ಕಿನ ಕಾಟ ಕಡಿಮೆ, ಧೂಳಿನದೇ ಹೆಚ್ಚು. ಧೂಳನ್ನು ಕುಂಚದಿಂದ ಹಾರಿಸಿ, ಬಟ್ಟೆಯಿಂದ ಉಜ್ಜಬೇಡಿ, ಮಣ್ಣಿನ ಕಣ ಬಣ್ಣವನ್ನು ಗೀರುತ್ತದೆ. ನೀರು ಅಂತೂ ಬೇಡವೇ ಬೇಡ. ಏಕೆಂದರೆ ಟ್ಯಾಂಕರ್‌ಗಳ ಮೇಲಿನ ಲಾಂಛನಗಳು ನೀರಿನಲ್ಲಿ ನೆನೆಸಿ ಅಂಟಿಸಿದ ಡಿಕಾಲ್‌ಗಳು, ಅಂದರೆ ತೆಳು ಪೊರೆಯ ಮೇಲಿನ ಚಿತ್ರಗಳು, ಎಪ್ಪತ್ತೈದು ವರ್ಷದ ನಂತರ ಒಂದು ಹನಿ ಬಿದ್ದರೂ ಏಳುತ್ತವೆ.

ವ್ಯಾಗನ್ ಕೈಗೆ ಸಿಕ್ಕ ತಕ್ಷಣ ಎಲ್ಲರೂ ನೋಡುವುದು ಬಣ್ಣ, ಅಕ್ಷರ, ನಂಬರು. ನಾವು ಮೊದಲು ಮಗುಚಿ ನೋಡಿದೆವು. ತಳದಲ್ಲಿ ನಾಲ್ಕು ಚಕ್ರದ ಎರಡು ಚೌಕಟ್ಟುಗಳಿರುತ್ತವೆ. ಅಮೆರಿಕದ ಸಂಗ್ರಾಹಕರು ಅದನ್ನು ಟ್ರಕ್ ಅನ್ನುತ್ತಾರೆ, ನಮ್ಮ ರೈಲ್ವೆಯವರು ಬೋಗಿ ಅನ್ನುತ್ತಾರೆ. ಜನರ ಮಾತಿನಲ್ಲಿ ಬೋಗಿ ಎಂದರೆ ಇಡೀ ಡಬ್ಬಿ ಆಗಿಬಿಟ್ಟಿರುವುದರಿಂದ ಇಲ್ಲಿ ಟ್ರಕ್ ಎಂದೇ ಬರೆಯುತ್ತೇವೆ.

ಟ್ರಕ್‌ನಲ್ಲಿ ಮೂರು ಪೀಳಿಗೆಗಳನ್ನು ಗುರುತಿಸಿದರೆ ಅರ್ಧ ಕೆಲಸ ಆದಂತೆ. 1945ರಿಂದ ಬಂದದ್ದು ಲೋಹದ ಸ್ಟೇಪಲ್ ಎಂಡ್ ಟ್ರಕ್. ನಡುವಿನ ಅಡ್ಡಪಟ್ಟಿಯ ತುದಿ ಪಕ್ಕದ ಚೌಕಟ್ಟಿನಿಂದ ಹೊರಗೆ ಕಾಣುವ ಕಡೆ ಕಾಗದಕ್ಕೆ ಹೊಡೆದ ಸ್ಟೇಪಲ್ ಪಿನ್ನಿನ ಹಾಗಿರುತ್ತದೆ. 1951ರ ಸುಮಾರಿಗೆ ಬಂದದ್ದು ಬಾರ್ ಎಂಡ್. ಇದೂ ಲೋಹದ್ದೇ, ಆದರೆ ಅದೇ ಜಾಗದಲ್ಲಿ ನೇರವಾದ ಒಂದು ಪಟ್ಟಿ ಕಾಣುತ್ತದೆ. 1957ರಿಂದ ಪ್ಲಾಸ್ಟಿಕ್ ಟ್ರಕ್ ಬಂತು, ಆ್ಯಕ್ಸಲ್ ಪೆಟ್ಟಿಗೆಯ ಮೇಲೆ ಟಿಮ್‌ಕೆನ್ ಎಂಬ ಅಕ್ಷರವಿರುತ್ತದೆ. ಐವತ್ತರ ದಶಕದ ಮಧ್ಯದಲ್ಲಿ ಕಪ್ಲರ್, ಅಂದರೆ ಡಬ್ಬಿಯನ್ನು ಡಬ್ಬಿಗೆ ಜೋಡಿಸುವ ಕೊಕ್ಕೆ, ಬಿಡಿಸಲು ಬೆರಳಿಗೆ ಸಿಗುವ ಪುಟ್ಟ ಕಿವಿಯೊಂದನ್ನೂ ಸೇರಿಸಿದರು. ಆ ಕಿವಿ ಇರುವ ಟ್ರಕ್ 1946ರ ವ್ಯಾಗನ್ನಿನ ಕೆಳಗಿದ್ದರೆ ಅದು ಬೇರೆ ಗಾಡಿಯಿಂದ ಬಂದದ್ದು.

ನಂಬರಿನ ಮೊದಲ ಅಂಕಿಯೂ ಕಪ್ಲರಿನ ಕಥೆಯನ್ನೇ ಹೇಳುತ್ತದೆ. ಯುದ್ಧಾನಂತರದ ಮೊದಲ ಗೂಡ್ಸ್ ಡಬ್ಬಿಗಳಿಗೆ 2ರಿಂದ ಶುರುವಾಗುವ ನಾಲ್ಕು ಅಂಕಿ. ಅವುಗಳ ಕಪ್ಲರ್‌ನೊಳಗೆ ತಾಮ್ರದ ತಂತಿಯ ಕಾಯಿಲ್ ಇದೆ. ಟ್ರಕ್‌ನ ತಳದಲ್ಲಿರುವ ಜಾರುವ ಷೂ ಎಂಬ ಸಣ್ಣ ಭಾಗ ಒಂದು ವಿಶೇಷ ಹಳಿ ತುಂಡಿನ ಮೇಲೆ ಹಾಯುವಾಗ ಕಾಯಿಲ್‌ಗೆ ಕರೆಂಟು ಸಿಕ್ಕಿ ಕಪ್ಲರ್ ಬಿಚ್ಚುತ್ತದೆ. 1948ರಲ್ಲಿ ಅಯಸ್ಕಾಂತದ ಕಪ್ಲರ್ ಬಂತು. ಇದರಲ್ಲಿ ಕಾಯಿಲ್ ಗಾಡಿಯಲ್ಲಿಲ್ಲ, ಹಳಿಯಲ್ಲಿದೆ. ಹಳಿಯೊಳಗಿನ ವಿದ್ಯುತ್ಕಾಂತ ಕಪ್ಲರ್ ತಳದ ತಗಡನ್ನು ಕೆಳಕ್ಕೆ ಎಳೆಯುತ್ತದೆ. ಆಗ ನಂಬರಿನ ಮೊದಲ ಅಂಕಿ 6 ಆಯಿತು: 2454 ಹೋಗಿ 6454, 2456 ಹೋಗಿ 6456, 2465 ಹೋಗಿ 6465. 3ರಿಂದ ಶುರುವಾಗುವವು ತಾವೇ ಏನಾದರೂ ಕೆಲಸ ಮಾಡುವ ಡಬ್ಬಿಗಳು, ಹಾಲಿನ ಕ್ಯಾನ್ ಹೊರಗೆ ತಳ್ಳುವುದು, ದನ ಇಳಿಸುವುದು ಇತ್ಯಾದಿ. ಅವು ಎರಡೂ ಕಾಲದಲ್ಲಿ ಇದ್ದವು.

ಪೆಟ್ಟಿಗೆಯಲ್ಲಿ 2452 ಗೊಂಡೋಲ ಎರಡಿದ್ದವು. ಎರಡೂ ಕಪ್ಪು, ಎರಡರ ಮೇಲೂ ಪೆನ್ಸಿಲ್ವೇನಿಯಾ ಎಂಬ ಬಿಳಿ ಅಕ್ಷರ, ಮೇಜಿನ ಮೇಲಿಟ್ಟರೆ ಅವಳಿ ಜವಳಿ. ಮಗುಚಿದಾಗ ಎರಡರಲ್ಲೂ ಸ್ಟೇಪಲ್ ಎಂಡ್ ಟ್ರಕ್, ಎರಡರಲ್ಲೂ ಕಾಯಿಲ್ ಕಪ್ಲರ್. ವ್ಯತ್ಯಾಸ ಸಿಕ್ಕಿದ್ದು ಚಕ್ರದ ಒಳಮೈಯಲ್ಲಿ. ಟಾರ್ಚನ್ನು ತಳದಿಂದಲ್ಲ, ಪಕ್ಕದಿಂದ ಓರೆಯಾಗಿ ಹಿಡಿದು ಚಕ್ರವನ್ನು ಬೆರಳಿನಿಂದ ನಿಧಾನ ತಿರುಗಿಸಿದೆವು. ಒಂದರಲ್ಲಿ ಚಕ್ರದ ಒಳಮೈ ತಟ್ಟೆಯಂತೆ ನುಣುಪಾಗಿ ಒಳಕ್ಕೆ ಬಾಗಿತ್ತು. ಇನ್ನೊಂದರಲ್ಲಿ ನಡುವಿನಿಂದ ಅಂಚಿಗೆ ಸುಳಿ ಸುಳಿಯಾಗಿ ಹರಿದ ಗೆರೆಗಳು, ಹಿಟ್ಟನ್ನು ಬೆರಳಿನಿಂದ ಸುತ್ತಿಸಿ ಬಿಟ್ಟ ಹಾಗೆ. ಸಂಗ್ರಾಹಕರು ಇದನ್ನು ವರ್ಲಿ ವೀಲ್ ಅನ್ನುತ್ತಾರೆ. ಇದು 1945ರ ಮೊದಲ ಸರಕಿನ ಗುರುತು. ಚಕ್ರದ ಮೇಲಿನ ಮಡ್ಡಿಯನ್ನು ಕೆರೆಯುವ ಮುಂಚೆ ಇದನ್ನು ನೋಡಬೇಕು. ಹಳಿಯ ಮೇಲೆ ಓಡುವ ಅಂಚನ್ನಷ್ಟೇ ಶುಚಿ ಮಾಡಿ, ಒಳಮೈಯನ್ನು ತಂತಿಬ್ರಷ್‌ನಿಂದ ಉಜ್ಜಿದರೆ ಹೊಸ ಗೀರುಗಳು ಮೂಡಿ ಹಳೆಯ ಸುಳಿ ಯಾವುದು, ಬ್ರಷ್ಷಿನದು ಯಾವುದು ಎಂದು ತಿಳಿಯದಾಗುತ್ತದೆ.

ಅದೇ ಗಾಡಿಯಲ್ಲಿ ಆ್ಯಕ್ಸಲ್ ಕೂಡ ದಪ್ಪ. ಕ್ಯಾಲಿಪರ್‌ನಿಂದ ಎರಡನ್ನೂ ಅಕ್ಕಪಕ್ಕ ಅಳೆದಾಗ ಸಂಶಯ ಉಳಿಯಲಿಲ್ಲ. ದಪ್ಪ ಆ್ಯಕ್ಸಲ್ಲೂ 1945ರದೇ ಲಕ್ಷಣ. ಮೂರನೆಯದು ಷೂ. ಮೊದಲ ತಯಾರಿಕೆಯ ಕಾಯಿಲ್ ಕಪ್ಲರ್‌ನಲ್ಲಿ ಜಾರುವ ಷೂಗೆ ಕೆಳಗಿನಿಂದ ಅಡ್ಡ ಆಸರೆ ಇರಲಿಲ್ಲ, ಅದು ಗಾಳಿಯಲ್ಲಿ ಚಾಚಿಕೊಂಡಂತೆ ಇರುತ್ತಿತ್ತು. ಹಾಗಾಗಿಯೇ ಅದಕ್ಕೆ ಫ್ಲೈಯಿಂಗ್ ಷೂ ಎಂದು ಹೆಸರು. ಅದು ಬೇಗ ಬಾಗುತ್ತಿತ್ತು, ಮುಂದೆ ಆಸರೆಯ ಪಟ್ಟಿ ಕೊಟ್ಟರು. ನಮ್ಮ ಗಾಡಿಯಲ್ಲಿ ಒಂದು ಟ್ರಕ್‌ನ ಷೂ ಒಂದು ಬದಿಗೆ ಜೋತು ಬಿದ್ದಿತ್ತು. ಅದನ್ನು ನೇರ ಮಾಡುವ ಆಸೆಗೆ ಬೀಳಬೇಡಿ, ಹಿಡಿದಿರುವ ಭಾಗ ಒಣಗಿ ಪೆಡಸಾಗಿರುತ್ತದೆ, ಮುರಿದರೆ ಮೂಲ ಭಾಗ ಸಿಗುವುದಿಲ್ಲ. ಸುಳಿಯ ಚಕ್ರ, ದಪ್ಪ ಆ್ಯಕ್ಸಲ್, ಆಸರೆಯಿಲ್ಲದ ಷೂ ಮೂರೂ ಎರಡೂ ಟ್ರಕ್‌ನಲ್ಲಿ ಹೊಂದಿಕೊಂಡ ಮೇಲೆ ಆ ಗೊಂಡೋಲವನ್ನು 1945 ಎಂದು ಬರೆದೆವು. ಇನ್ನೊಂದನ್ನು 1946 ಅಥವಾ 1947 ಎಂದಷ್ಟೇ ಬರೆದೆವು, ಅದಕ್ಕಿಂತ ಹೆಚ್ಚು ಹೇಳಲು ಅದರ ಮೈಯಲ್ಲಿ ಆಧಾರವಿಲ್ಲ.

ಇಡೀ ಕೆಲಸಕ್ಕೆ ಆಧಾರವಾದ ಮಾತೊಂದಿದೆ. ಕಾರ್ಖಾನೆಯಲ್ಲಿ ಉಳಿದ ಹಳೆಯ ಭಾಗ ಹೊಸ ಗಾಡಿಗೆ ಹೋಗಬಹುದು, ಹೋಗುತ್ತಲೂ ಇತ್ತು. ಆದರೆ ಇನ್ನೂ ಹುಟ್ಟದ ಭಾಗ ಹಳೆಯ ಗಾಡಿಗೆ ಬರಲಾರದು. ಆದ್ದರಿಂದ ಗಾಡಿಯ ವಯಸ್ಸನ್ನು ಅದರ ಅತಿ ಹಳೆಯ ಭಾಗದಿಂದ ಲೆಕ್ಕ ಹಾಕಬಾರದು, ಕಾರ್ಖಾನೆಯಲ್ಲೇ ಜೋಡಿಸಿದ ಭಾಗಗಳಲ್ಲಿ ಅತಿ ಹೊಸದು ಯಾವುದೋ ಅದರಿಂದ ಹಾಕಬೇಕು. ಮಾರುವವರು ಸಾಮಾನ್ಯವಾಗಿ ಹಳೆಯ ಭಾಗವನ್ನೇ ತೋರಿಸಿ ಬೆಲೆ ಹೇಳುತ್ತಾರೆ.

ಇದಕ್ಕೆ ಒಳ್ಳೆಯ ಪಾಠ ಹಾಲಿನ ವ್ಯಾಗನ್. ಹಾಲಿನ ಕ್ಯಾನುಗಳು ಬೆಳಗಾದರೆ ಬೀದಿಯಲ್ಲಿ ಸದ್ದು ಮಾಡುವ ನಮ್ಮ ಜಿಲ್ಲೆಯಲ್ಲಿ ಇದನ್ನು ನೋಡಿ ಖುಷಿಪಡದವರಿಲ್ಲ. ಗುಂಡಿ ಒತ್ತಿದರೆ ಬಾಗಿಲು ತೆರೆದು ಬಿಳಿ ಸಮವಸ್ತ್ರದ ಪುಟ್ಟ ಮನುಷ್ಯ ಕ್ಯಾನನ್ನು ವೇದಿಕೆಗೆ ತಳ್ಳುತ್ತಾನೆ. ಮೊದಲ ಮಾದರಿ 1947ರ 3462, ನಂತರ 1949ರಿಂದ 3472, ಆಮೇಲೆ 1954ರಲ್ಲಿ 3482. ನಮ್ಮ ಪೆಟ್ಟಿಗೆಯಲ್ಲಿದ್ದ 3482ರ ಪಕ್ಕದ ಮೇಲೆ ಒಂದು ಕಡೆ ನಂಬರು 3482 ಎಂದೇ ಇದೆ, ಬಲಗಡೆಯ ಸಣ್ಣ ಅಕ್ಷರದಲ್ಲಿ ಮಾತ್ರ ಆರ್‌ಟಿ 3472 ಎಂದಿದೆ. ಮೊದಲ ಸಲ ನೋಡಿದವರು ಯಾರೋ ಎರಡು ಗಾಡಿ ಬೆರೆಸಿದ್ದಾರೆ ಎಂದೇ ತಿಳಿಯುತ್ತಾರೆ. ಹಾಗಲ್ಲ. ಹೊಸ ನಂಬರಿನ ತಯಾರಿಕೆ ಶುರುವಾದಾಗ ಹಳೆಯ ಮುದ್ರಣ ಹಾಗೆಯೇ ಮುಂದುವರಿದು, ಆಮೇಲೆ ಆರ್‌ಟಿ 3482 ಎಂದು ತಿದ್ದಿದ್ದಾರೆ. ಹಾಗಾಗಿ ಈ ಹೊಂದದ ನಂಬರೇ 3482ರ ಮೊದಲ ತಯಾರಿಕೆಯ ರುಜು. ಇದನ್ನು 3472 ಎಂದು ಮಾರಿದವರೂ ಉಂಟು, ತಪ್ಪು ಮುದ್ರಣ ಎಂದು ಬಣ್ಣ ತುಂಬಿ ತಿದ್ದಿದವರೂ ಉಂಟು. ತಿದ್ದಿದರೆ ಆ ಗಾಡಿ ಹಾಳಾದಂತೆಯೇ. 3472ರಲ್ಲಿ ನೋಡಬೇಕಾದದ್ದು ಬಾಗಿಲು: ಮೊದಲ ತಯಾರಿಕೆಯಲ್ಲಿ ಅಲ್ಯೂಮಿನಿಯಂ, ನಂತರ ಪ್ಲಾಸ್ಟಿಕ್. ಕಣ್ಣಿಗೆ ಎರಡೂ ಒಂದೇ ಬಿಳುಪು, ಉಗುರು ತಾಕಿಸಿದರೆ ತಣ್ಣಗಿರುವುದು ಲೋಹ. ನಮ್ಮದು ಪ್ಲಾಸ್ಟಿಕ್ಕಿನದು.

ದನದ ವ್ಯಾಗನ್ 3656ರಲ್ಲಿ ಅಕ್ಷರದ ಬಣ್ಣ ಸಾಕು. 1949ರಲ್ಲಿ ಶುರುವಾದಾಗ ಕಪ್ಪು ಅಕ್ಷರ, ಆರ್ಮರ್ ಕಂಪನಿಯ ಲಾಂಛನ. ಮುಂದೆ ಬಿಳಿ ಅಕ್ಷರವೇ ರೂಢಿಯಾಯಿತು, ಲಾಂಛನ ಹೋಯಿತು. ನಮ್ಮದರಲ್ಲಿ ಅಕ್ಷರ ಬಿಳಿ.

2465 ಎರಡು ಗುಮ್ಮಟದ ಬೆಳ್ಳಿ ಬಣ್ಣದ ಟ್ಯಾಂಕರ್, 1946ರಿಂದ 1948. ಇದರಲ್ಲಿ ಸನೋಕೋ ಎಂಬ ಎಣ್ಣೆ ಕಂಪನಿಯ ಲಾಂಛನ ಟ್ಯಾಂಕಿನ ಪಕ್ಕದ ನಟ್ಟನಡುವೆ ಇದ್ದರೆ ಅದು ಆರಂಭದ್ದು ಮತ್ತು ವಿರಳ, ಒಂದು ಬದಿಗೆ ಸರಿದಿದ್ದರೆ ಸಾಮಾನ್ಯ. ನಮ್ಮಲ್ಲಿದ್ದ ಎರಡರಲ್ಲಿ ಒಂದರ ಲಾಂಛನ ನಡುವೆ ಇತ್ತು. ಸಂತೋಷಪಡುವ ಮುಂಚೆ ಟಾರ್ಚನ್ನು ಟ್ಯಾಂಕಿನ ಮೈಗೆ ಸಮಾನಾಂತರವಾಗಿ ಹಿಡಿದೆವು. ಹೊಸದಾಗಿ ಅಂಟಿಸಿದ ಡಿಕಾಲ್ ಆಗಿದ್ದರೆ ಅಂಚಿನಲ್ಲಿ ಪಾರದರ್ಶಕ ಪೊರೆ ಸ್ವಚ್ಛವಾಗಿ ಎದ್ದು ಕಾಣುತ್ತದೆ, ಬೆಳ್ಳಿ ಬಣ್ಣದ ಮೇಲಿನ ಹಳೆಯ ಗೀರುಗಳು ಡಿಕಾಲಿನ ಅಡಿಯಲ್ಲಿ ಹಾದು ಹೋಗುತ್ತವೆ. ಹಳೆಯದಾಗಿದ್ದರೆ ಗೀರು ಡಿಕಾಲನ್ನೂ ಬಣ್ಣವನ್ನೂ ಒಟ್ಟಿಗೇ ಕತ್ತರಿಸಿರುತ್ತದೆ. ಅಲ್ಲದೆ ಪಕ್ಕಕ್ಕೆ ಸರಿದಿದ್ದ ಹಳೆಯ ಲಾಂಛನವನ್ನು ತೆಗೆದಿದ್ದರೆ ಆ ಜಾಗದ ಬೆಳ್ಳಿ ಸುತ್ತಲಿಗಿಂತ ಹೊಳಪಾಗಿರುತ್ತದೆ, ಗಾಳಿ ಬೆಳಕು ತಾಗದ ಕಾರಣ. ನಮ್ಮ ಟ್ಯಾಂಕರ್‌ನಲ್ಲಿ ಅಂಥ ನೆರಳು ಇರಲಿಲ್ಲ, ಒಂದು ಉದ್ದ ಗೀರು ಲಾಂಛನವನ್ನು ಕತ್ತರಿಸಿಯೇ ಹೋಗಿತ್ತು. ಒಪ್ಪಿದೆವು. ಒಂದೇ ಗುಮ್ಮಟದ 2855ರಲ್ಲಿ ಇಷ್ಟು ಕಷ್ಟವಿಲ್ಲ: 1946ರದು ಕಪ್ಪು, 1947ರದು ಬೂದು. ಬಣ್ಣ ಬಳಿದದ್ದೋ ಎಂದು ಸ್ಕ್ರೂ ತಲೆಯ ಸುತ್ತ ಮತ್ತು ತಳದ ಅಂಚಿನಲ್ಲಿ ನೋಡಿದರಾಯಿತು.

2454 ಬಾಕ್ಸ್‌ಕಾರ್ 1946ರದು, ಪೆನ್ಸಿಲ್ವೇನಿಯಾ ಹೆಸರಿನದು. ಇದರಲ್ಲಿ ಕಿತ್ತಳೆ ಬಾಗಿಲಿನದು ಕಂದು ಬಾಗಿಲಿನದಕ್ಕಿಂತ ಅಪರೂಪ. ಬಾಗಿಲನ್ನು ಮಾತ್ರ ನಂಬಿ ದುಡ್ಡು ಕೊಡುವುದು ಅಪಾಯ, ಬಾಗಿಲು ಬದಲಿಸಬಹುದಾದ ಭಾಗ. ಬಾಗಿಲನ್ನು ಪೂರ್ತಿ ಸರಿಸಿ, ಅದರ ಹಿಂದೆ ಮುಚ್ಚಿಹೋಗುವ ಗೋಡೆಯ ಮೇಲೆ ಉಜ್ಜಿದ ಗುರುತು ನೋಡಿ. ಮೂಲ ಬಾಗಿಲಾದರೆ ಬಾಗಿಲಿನ ಒಳಮೈಯ ಉಬ್ಬಿದ ಜಾಗಕ್ಕೂ ಗೋಡೆಯ ಗೀರಿಗೂ ತಾಳೆ ಇರುತ್ತದೆ. ನಮ್ಮದು ಕಂದು ಬಾಗಿಲು, ತಾಳೆಯೂ ಇತ್ತು. 2411 ಸಪಾಟು ವ್ಯಾಗನ್ನಿಗೆ 1946ರಲ್ಲಿ ಲೋಹದ ಪೈಪುಗಳು, 1947ರಿಂದ ಮರದ ದಿಮ್ಮಿಗಳು ಹೊರೆಯಾಗಿ ಬರುತ್ತಿದ್ದವು. ಹೊರೆ ಎಂಬುದು ಎತ್ತಿ ಇಡುವ ವಸ್ತು. ಅದರಿಂದ ವರ್ಷ ಹೇಳುವುದಕ್ಕೆ ನಾವು ಒಪ್ಪುವುದಿಲ್ಲ. ಪೈಪು ಇದ್ದರೂ ಆ ಗಾಡಿಯ ವಿವರ ಬರೆಯುವ ಹಾಳೆಯಲ್ಲಿ 1946ರಿಂದ 1948 ಎಂದೇ ಬರೆದೆವು. ಆರು ಚಕ್ರದ ಟ್ರಕ್‌ಗಳಿರುವ 2460 ಕ್ರೇನಿನಲ್ಲಿ ಬೂದು ಕ್ಯಾಬಿನ್ ಅಪರೂಪ, ಕಪ್ಪು ಸಾಮಾನ್ಯ. ಸರ್ಚ್‌ಲೈಟ್ ಇರುವ 6520ರಲ್ಲಿ ಜನರೇಟರಿನ ಬಣ್ಣ ಹಸಿರಾದರೆ ಅಪರೂಪ. ಎರಡೂ ನಮ್ಮಲ್ಲಿ ಸಾಮಾನ್ಯದವೇ.

ತಲೆನೋವು ಕೊಟ್ಟವು ಎರಡು. ಮೊದಲನೆಯದು 6456 ಹಾಪರ್, ಕಲ್ಲಿದ್ದಲು ಸುರಿಯುವ ವ್ಯಾಗನ್. ನಂಬರು 6ರದು, ಕೆಳಗೆ ಕಾಯಿಲ್ ಕಪ್ಲರ್‌ನ ಟ್ರಕ್. ಹಳೆಯ ಭಾಗ ಹೊಸ ಗಾಡಿಗೆ ಬರಬಹುದು ಎಂದ ಮೇಲೆ ಇದು 1948ರ ಸಂಧಿಕಾಲದ್ದು ಇರಬಹುದಲ್ಲ ಎಂದು ನಮ್ಮಲ್ಲೊಬ್ಬರು ವಾದಿಸಿದರು. ಉತ್ತರ ಟ್ರಕ್ ಹಿಡಿದಿದ್ದ ಕ್ಲಿಪ್‌ನಲ್ಲಿತ್ತು. ಈ ಕಾಲದ ಟ್ರಕ್‌ಗಳನ್ನು ಕುದುರೆ ಲಾಳದ ಆಕಾರದ ಸಣ್ಣ ಕ್ಲಿಪ್ ಹಿಡಿದಿರುತ್ತದೆ. ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದ ಕ್ಲಿಪ್‌ಗೆ ಬಾಯಿ ಸಮನಾಗಿರುತ್ತದೆ, ಅದರ ಕೆಳಗಿನ ಮಡ್ಡಿ ಒಂದೇ ಪದರ. ಇಲ್ಲಿ ಕ್ಲಿಪ್‌ನ ಬಾಯಿ ಅಗಲವಾಗಿತ್ತು, ಸ್ಕ್ರೂಡ್ರೈವರ್ ಮೀಟಿದ ಹೊಳಪಿನ ಕಚ್ಚು ಗೂಟದ ಪಕ್ಕದಲ್ಲಿತ್ತು. ಜೊತೆಗೆ ತಳದಲ್ಲಿ ಹಳೆಯ ಟ್ರಕ್ ತಿರುಗುವಾಗ ಕೊರೆದಿದ್ದ ಬಿಲ್ಲಿನಾಕಾರದ ಗೆರೆ ಒಂದು, ಈಗಿನದರ ಗೆರೆ ಇನ್ನೊಂದು, ಎರಡರ ಅಳತೆ ಬೇರೆ. ಟ್ರಕ್ ಬದಲಾಗಿದೆ ಎಂದು ವಾದ ಅಲ್ಲಿಗೆ ಮುಗಿಯಿತು.

ಎರಡನೆಯದು 6464-100, ವೆಸ್ಟರ್ನ್ ಪೆಸಿಫಿಕ್ ಬಾಕ್ಸ್‌ಕಾರ್. 6464 ಸರಣಿ 1953ರಲ್ಲಿ ನಾಲ್ಕು ಡಬ್ಬಿಗಳಿಂದ ಶುರುವಾಯಿತು. 1954ರ 6464-100ರಲ್ಲಿ ಬೆಳ್ಳಿ ಮೈಗೆ ಹಳದಿ ಗರಿಯ ಚಿತ್ರವಿರುವುದು ಸಾಮಾನ್ಯ, ಕಿತ್ತಳೆ ಮೈಗೆ ನೀಲಿ ಗರಿ ಇರುವುದು ತುಂಬಾ ಅಪರೂಪ. ಆದರೆ 1966ರಲ್ಲಿ ಅದೇ ಕಿತ್ತಳೆ ಮೈ, ನೀಲಿ ಗರಿಯ ಡಬ್ಬಿ 6464-250 ಎಂಬ ನಂಬರಿನಲ್ಲಿ ಬಂತು, ಅದು ಸುಲಭವಾಗಿ ಸಿಗುತ್ತದೆ. ಎರಡರ ಬೆಲೆಯ ಅಂತರ ದೊಡ್ಡದು, ಹಾಗಾಗಿ 250 ಅಳಿಸಿ 100 ಹಾಕುವ ಕೈಚಳಕ ಹಳೆಯದು. ನಮ್ಮ ಕೈಯಲ್ಲಿದ್ದದ್ದು ಕಿತ್ತಳೆ, ನೀಲಿ ಗರಿ, ನಂಬರು 100, ಟ್ರಕ್ ಲೋಹದ ಬಾರ್ ಎಂಡ್. ಮೇಲ್ನೋಟಕ್ಕೆ ಎಲ್ಲ ಸರಿ.

ಮೊದಲು ಅಕ್ಷರಗಳನ್ನು ನೋಡಿದೆವು. ಬಿಸಿ ಅಚ್ಚಿನ ಅಕ್ಷರ ಪ್ಲಾಸ್ಟಿಕ್ಕಿನೊಳಗೆ ಕೂದಲೆಳೆಯಷ್ಟು ಇಳಿದಿರುತ್ತದೆ. ರಬ್ಬರ್ ಮೊಹರಿನದು ಮೇಲೆ ತೆಳ್ಳಗೆ ಕೂತು ಅಂಚು ಹರಡಿರುತ್ತದೆ. ಸಿಲ್ಕ್‌ಸ್ಕ್ರೀನಿನದು ದಪ್ಪವಾಗಿ ಎದ್ದಿರುತ್ತದೆ. ಯಾವ ಬಗೆಯಾದರೂ ಒಂದೇ ಸಾಲಿನ ಅಕ್ಷರಗಳೆಲ್ಲ ಒಂದೇ ಬಗೆಯಾಗಿರಬೇಕು. ಇಲ್ಲಿ 6464 ಒಂದು ಹೊಳಪು, ಅದರ ಮುಂದಿನ 100 ಇನ್ನೊಂದು ಹೊಳಪು. ಆ ಮೂರು ಅಂಕಿಯ ಸುತ್ತ ಮೈಬಣ್ಣ ಅತಿ ನುಣುಪು, ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಹೋದ ಸಣ್ಣ ಉಜ್ಜುಗೆರೆಗಳು. ಕಿಟಕಿ ಮುಚ್ಚಿ ಯುವಿ ಟಾರ್ಚ್ ಹಾಕಿದಾಗ ಆ ತೇಪೆ ಉಳಿದ ಮೈಯಿಂದ ಬೇರೆಯಾಗಿ, ಚೌಕಾಕಾರವಾಗಿ ಕಂಡಿತು. ಆಮೇಲೆ ರಿವೆಟ್ ಸಾಲುಗಳು. ಈ ಸರಣಿಯಲ್ಲಿ ಅಕ್ಷರಗಳಿಗೆ ಜಾಗ ಮಾಡಲು ಅಚ್ಚಿನ ಕೆಲವು ರಿವೆಟ್ ಸಾಲುಗಳನ್ನು ನಡುವೆ ತುಂಡರಿಸಿದ್ದಾರೆ, ಕಾಲಕಾಲಕ್ಕೆ ಅಚ್ಚು ತಿದ್ದಿದಂತೆ ತುಂಡಾದ ಸಾಲುಗಳ ಲೆಕ್ಕ ಬದಲಾಗಿದೆ. ಟ್ರಕ್ ಬದಲಿಸಬಹುದು, ನಂಬರು ಬದಲಿಸಬಹುದು, ಎರಕದಲ್ಲೇ ಮೂಡಿದ ರಿವೆಟ್ ಬದಲಿಸಲಾಗುವುದಿಲ್ಲ. 1954ರ ಬೆಳ್ಳಿ ಮೈಯ 6464-100ರ ಚಿತ್ರವನ್ನು ಪಕ್ಕದಲ್ಲಿಟ್ಟು ಸಾಲು ಎಣಿಸಿದೆವು. ಹೊಂದಲಿಲ್ಲ. ಇದು 1966ರ 250, ವೇಷ ಮಾತ್ರ 1954ರದು.

ಪ್ಲಾಸ್ಟಿಕ್ಕಿನ ಬಣ್ಣವನ್ನೇ ರಾಸಾಯನಿಕದಿಂದ ಬದಲಿಸಿ ಅಪರೂಪದ ಬಣ್ಣ ಎಂದು ಮಾರುವುದೂ ಇದೆ. ಅದನ್ನು ಹಿಡಿಯಲು ಮೈಯನ್ನು ಚೌಕಟ್ಟಿನಿಂದ ಬಿಚ್ಚಿ ಒಳಗೋಡೆ, ಸ್ಕ್ರೂ ತೂತಿನ ಒಳಸುತ್ತು ನೋಡಬೇಕು. ಮೂಲ ಬಣ್ಣ ಅಲ್ಲಿ ಉಳಿದಿರಬಹುದು. ಬರೀ ಬಿಸಿಲಿಗೆ ಮಾಸಿದ್ದಾದರೆ ಒಂದು ಪಕ್ಕ ಮಾತ್ರ ತಿಳಿಯಾಗಿರುತ್ತದೆ.

ರಟ್ಟಿನ ಡಬ್ಬಿಗಳನ್ನು ಕೊನೆಯಲ್ಲಿ ನೋಡಿದೆವು, ಏಕೆಂದರೆ ಡಬ್ಬಿ ಒಂದು, ಒಳಗಿನ ಗಾಡಿ ಇನ್ನೊಂದು ಆಗುವುದು ತೀರ ಸುಲಭ. ಒಂದೇ ಒಂದು ಪರೀಕ್ಷೆ ಉಪಯೋಗಕ್ಕೆ ಬಂತು. ಈಗಿನ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುತ್ತಾರೆ, ಯುವಿ ಬೆಳಕಿಗೆ ಅದು ನೀಲಿಯಾಗಿ ಉರಿಯುತ್ತದೆ. 1946ರ ರಟ್ಟು ಹಾಗೆ ಉರಿಯಬಾರದು. ಎರಡು ಡಬ್ಬಿ ಉರಿದವು, ಅವು ನಕಲು ಎಂದು ಬೇರೆ ಇಟ್ಟೆವು.

ಕಾಯಿಲ್ ಕಪ್ಲರ್ ಈಗಲೂ ಕೆಲಸ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಷೂಗೆ, ಇನ್ನೊಂದನ್ನು ಟ್ರಕ್‌ನ ಲೋಹಕ್ಕೆ ಇಟ್ಟು ತಂತಿ ಕಡಿದಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅಮೆರಿಕದ ಲಯನೆಲ್ ಟ್ರಾನ್ಸ್‌ಫಾರ್ಮರ್ 115 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 230 ವೋಲ್ಟಿನ ಗೋಡೆಗೆ ಅದನ್ನು ಚುಚ್ಚಿದರೆ ಸುಟ್ಟೇ ಹೋಗುತ್ತದೆ, ನಡುವೆ ಸ್ಟೆಪ್ ಡೌನ್ ಇಟ್ಟರೂ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ನಾವು ಎಲೆಕ್ಟ್ರಾನಿಕ್ಸ್ ಅಂಗಡಿಯ 12 ವೋಲ್ಟಿನ ಸಾಮಾನ್ಯ ಟ್ರಾನ್ಸ್‌ಫಾರ್ಮರಿಗೆ ಫ್ಯೂಸ್ ಹಾಕಿ ಬಳಸಿದೆವು. ತಾಗಿಸಿ ತೆಗೆಯುವುದು ಅಷ್ಟೇ, ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಯಿಲಿನ ಮೇಲಿನ ಹಳೆಯ ನಿರೋಧಕ ಲೇಪ ಕರಗುತ್ತದೆ. 1945ರ ಗೊಂಡೋಲಕ್ಕೆ ಈ ಪರೀಕ್ಷೆಯನ್ನೂ ಮಾಡಲಿಲ್ಲ, ಮೀಟರ್ ತೋರಿಸಿದ್ದೇ ಸಾಕೆಂದು ಬಿಟ್ಟೆವು.

ಪ್ರತಿ ಗಾಡಿಗೆ ಒಂದು ಹಾಳೆ: ನಂಬರು, ಎರಡೂ ಟ್ರಕ್‌ಗಳ ಬಗೆ ಬೇರೆ ಬೇರೆಯಾಗಿ, ಚಕ್ರದ ಒಳಮೈ, ಆ್ಯಕ್ಸಲ್ ಅಳತೆ, ಕ್ಲಿಪ್‌ನ ಸ್ಥಿತಿ, ಅಕ್ಷರದ ಬಗೆ, ಮೂಲವಲ್ಲದ ಭಾಗ. 6456ಕ್ಕೆ ಸರಿಯಾದ ಟ್ರಕ್ ಹುಡುಕಿ ಹಾಕಬಹುದಿತ್ತು. ಹಾಕಲಿಲ್ಲ. ಈಗಿರುವ ಕಚ್ಚು, ಗೆರೆಗಳ ಮೇಲೆ ಮೂರನೇ ಗುರುತು ಬಿದ್ದರೆ ಮುಂದೆ ನೋಡುವವರಿಗೆ ಏನೂ ಓದಲಾಗುವುದಿಲ್ಲ. ಹಾಳೆಯಲ್ಲಿ "ಟ್ರಕ್ ಎರಡೂ ಬದಲಾದವು, 2ರ ಸರಣಿಯವು" ಎಂದು ಬರೆದು ಗಾಡಿಯ ಜೊತೆಗೇ ಸುತ್ತಿಟ್ಟೆವು. 6464ರ ಹಾಳೆಯಲ್ಲಿ 250 ಎಂದು ಬರೆದು, ಯುವಿ ಬೆಳಕಿನಲ್ಲಿ ತೆಗೆದ ಫೋಟೋ ಅಂಟಿಸಿದೆವು.